ಎರಡನೆಯ ವರ್ಷದ ಕಪ್: ಮಹಿಳಾ ಫುಟ್‌ಬಾಲ್ ಚರಿತ್ರೆಯಿಂದ ಒಂದು ಪಾಠ

2023ನೆಯ ಇಸವಿಯು ಕೊಲ್ಲಿ ನಾಡುಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಫುಟ್‌ಬಾಲಿನ ವರ್ಷವಾಗಿತ್ತು. ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದಿನಲ್ಲಿ ನಡೆದ ಸಂತೋಷ್ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಕರ್ನಾಟಕ ತಂಡವು ಮೇಘಾಲಯವನ್ನು 3-2ರಿಂದ ಸೋಲಿಸಿತು. ಮೈಸೂರು ಎಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ ಐವತ್ತನಾಲ್ಕು ವರ್ಷ ಕಾದಿದ್ದ ಪ್ರಶಸ್ತಿ ಅದು. ಜುಲೈ 4ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾ ಚಾಂಪಿಯನ್‌ಷಿಪ್‌ನ ಅಂತಿಮ ಪಂದ್ಯ ನಡೆಯಿತು. ಅತಿಥಿ ತಂಡವಾಗಿ ಬಂದಿದ್ದ ಕುವೈತ್ ಭಾರತಕ್ಕೆ ಎದುರಾಗಿ ನಿಂತಿತು. 1-1ರ ಸಮಬಲದ ನಂತರ ಪೆನಾಲ್ಟಿ ಒದೆತಗಳಲ್ಲಿ ಭಾರತ 5-4ರಿಂದ ಗೆದ್ದಿತು. ಹುಟ್ಟಿದ ನಾಡು ಮತ್ತು ಅನ್ನ ಕೊಟ್ಟ ನಾಡು ನಮ್ಮದೇ ರಾಜಧಾನಿಯಲ್ಲಿ ಎದುರುಬದುರಾದ ಆ ರಾತ್ರಿ ನಮ್ಮಲ್ಲಿ ಅನೇಕರು ಯಾರ ಗೋಲಿಗೂ ಮನಸಾರೆ ಬೇಸರಪಡಲಾರದೆ ಹೋದೆವು. ನವೆಂಬರ್ 16ರಂದು ಕುವೈತಿನಲ್ಲೇ, ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ, ಭಾರತ 1-0ರಿಂದ ಜಯ ಗಳಿಸಿತು.

ಅದೇ ವರ್ಷ ಇನ್ನೆರಡು ಅಂತಿಮ ಪಂದ್ಯಗಳು ನಡೆದವು. ಮೇ 14ರಂದು ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡಿನ ಮಹಿಳಾ ಎಫ್‌.ಎ. ಕಪ್ಪಿನ ಅಂತಿಮ ಪಂದ್ಯವನ್ನು 77,390 ಜನ ನೋಡಿದರು. ಚೆಲ್ಸಿ ತಂಡ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು 1-0ರಿಂದ ಸೋಲಿಸಿತು. ಮೇ 21ರಂದು ಅಹಮದಾಬಾದಿನಲ್ಲಿ ಭಾರತೀಯ ಮಹಿಳಾ ಲೀಗಿನ ಅಂತಿಮ ಪಂದ್ಯಕ್ಕೆ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ತಲುಪಿತ್ತು; ಗೋಕುಲಂ ಕೇರಳದ ಎದುರು 0-5ರಿಂದ ಸೋತಿತು. ಕರ್ನಾಟಕದ ಮಹಿಳೆಯರ ತಂಡವೊಂದು ದೇಶದ ಎರಡನೆಯ ಸ್ಥಾನ ಪಡೆದ ಸುದ್ದಿ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಹೆಚ್ಚು ಸುಳಿಯಲಿಲ್ಲ.

ಮಹಿಳೆಯರ ಫುಟ್‌ಬಾಲಿಗೆ ಒಂದು ಕಪ್ ಪಂದ್ಯಾವಳಿ ಹೇಗೆ ಹುಟ್ಟುತ್ತದೆ, ಏಕೆ ಸಾಯುತ್ತದೆ, ಮತ್ತೆ ಹೇಗೆ ಬದುಕುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ. ನಾವಿರುವ ಕುವೈತಿನಲ್ಲಿ ಮಹಿಳಾ ಫುಟ್‌ಬಾಲಿನ ಕಥೆ ಈ ಶತಮಾನದ್ದು, ಇನ್ನೂ ಚಿಕ್ಕದು. ಆದುದರಿಂದ ಮೊದಲು ನೂರು ವರ್ಷ ಹಿಂದೆ, ಆ ಕಥೆ ಆರಂಭವಾದಲ್ಲಿಗೆ ಹೋಗಿ, ಅಲ್ಲಿಂದ ಭಾರತದ ಮೂಲಕ ಕೊಲ್ಲಿಗೆ ಮರಳುವುದು ಸೂಕ್ತ.

ಸೋತವರು ಹೊರಕ್ಕೆ

ನಾಕ್‌ಔಟ್ ಪದ್ಧತಿಯ ನಿಯಮ ಸರಳ. ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ. ಊರ ಹಬ್ಬದ ಕಬಡ್ಡಿ ಪಂದ್ಯಾವಳಿಗಳಲ್ಲಿ ನಾವೆಲ್ಲ ಕಂಡ ಪದ್ಧತಿಯೇ ಇದು. ಫುಟ್‌ಬಾಲಿನಲ್ಲಿ ಇದರ ಮೂಲ ಮಾದರಿ ಇಂಗ್ಲೆಂಡಿನ ಎಫ್‌.ಎ. ಕಪ್. 1871-72ರಲ್ಲಿ ಆರಂಭವಾದ ಅದರ ಮೊದಲ ಪಂದ್ಯಾವಳಿಗೆ ಹೆಸರು ಕೊಟ್ಟದ್ದು ಹದಿನೈದೇ ತಂಡಗಳು. ಬ್ರಿಟಿಷರು ಅದನ್ನು ಭಾರತಕ್ಕೂ ತಂದರು. 1888ರಲ್ಲಿ ಶಿಮ್ಲಾದಲ್ಲಿ ಡ್ಯೂರಾಂಡ್ ಕಪ್ ಆರಂಭವಾಯಿತು. 1911ರ ಜುಲೈ 29ರಂದು ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಎತ್ತಿದ ಐ.ಎಫ್‌.ಎ. ಶೀಲ್ಡ್ ಕೂಡ ನಾಕ್‌ಔಟ್ ಪದ್ಧತಿಯದೇ. ಕುವೈತಿನಲ್ಲಿ 1952ರಲ್ಲಿ ಫುಟ್‌ಬಾಲ್ ಸಂಸ್ಥೆ ಸ್ಥಾಪನೆಯಾಗಿ, ಸ್ವಾತಂತ್ರ್ಯ ಬಂದ ಮರುವರ್ಷವೇ, 1962ರಲ್ಲಿ, ಅಮೀರ್ ಕಪ್ ಮೊದಲ ಬಾರಿಗೆ ನಡೆಯಿತು.

ಈ ಪದ್ಧತಿಯ ಆಕರ್ಷಣೆ ಏನೆಂದರೆ, ಅಲ್ಲಿ ಸಣ್ಣವರಿಗೂ ಒಂದು ದಿನ ಇರುತ್ತದೆ. ಲೀಗಿನಲ್ಲಿ ಬಲಶಾಲಿ ತಂಡ ಒಂದು ಪಂದ್ಯ ಸೋತರೂ ತಿದ್ದಿಕೊಳ್ಳಲು ಹತ್ತು ಪಂದ್ಯಗಳಿರುತ್ತವೆ. ಕಪ್ಪಿನಲ್ಲಿ ಒಂದೇ ದಿನದ ತಪ್ಪು ಸಾಕು. ಆದರೆ ಇದಕ್ಕೊಂದು ಬೆಲೆಯೂ ಇದೆ. ಎಂಟು ತಂಡಗಳ ನಾಕ್‌ಔಟ್ ಪಂದ್ಯಾವಳಿಯಲ್ಲಿ ನಡೆಯುವುದು ಏಳೇ ಪಂದ್ಯಗಳು. ನಾಲ್ಕು ತಂಡಗಳು ಒಂದೇ ಒಂದು ಪಂದ್ಯವಾಡಿ ಮನೆಗೆ ಮರಳುತ್ತವೆ. ಮರಳಿದ ತಂಡಕ್ಕೆ ಮರುದಿನ ಅಭ್ಯಾಸಕ್ಕೆ ಮೈದಾನವಿದ್ದರೆ, ಮುಂದಿನ ವಾರ ಬೇರೊಂದು ಪಂದ್ಯವಿದ್ದರೆ, ಆ ಸೋಲು ಪಾಠವಾಗುತ್ತದೆ. ಏನೂ ಇಲ್ಲದಿದ್ದರೆ ಆ ಸೋಲೇ ಅವರ ಆಟದ ಕೊನೆ. ಮಹಿಳಾ ಫುಟ್‌ಬಾಲಿನ ಚರಿತ್ರೆಯನ್ನು ಅರಿಯಲು ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು.

ಮದ್ದುಗುಂಡಿನ ಕಾರ್ಖಾನೆಯ ಹೆಣ್ಣುಮಕ್ಕಳು

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಗಂಡಸರು ರಣರಂಗಕ್ಕೆ ಹೋದಾಗ ಮದ್ದುಗುಂಡು ತಯಾರಿಸುವ ಕಾರ್ಖಾನೆಗಳಿಗೆ ಹೆಣ್ಣುಮಕ್ಕಳು ಕೆಲಸಕ್ಕೆ ಬಂದರು. ಸ್ಫೋಟಕ ರಾಸಾಯನಿಕಗಳೊಡನೆ ದಿನವಿಡೀ ದುಡಿದು ಅನೇಕರ ಚರ್ಮ ಹಳದಿಯಾಗುತ್ತಿತ್ತು. ಜನ ಅವರನ್ನು 'ಕ್ಯಾನರಿ' ಹಕ್ಕಿಗಳೆಂದು ಕರೆದರು. ಊಟದ ವಿರಾಮದಲ್ಲಿ ಕಾರ್ಖಾನೆಯ ಅಂಗಳದಲ್ಲಿ ಆರಂಭವಾದ ಅವರ ಚೆಂಡಾಟ ಕ್ರಮೇಣ ತಂಡಗಳಾಗಿ ಬೆಳೆಯಿತು. ಗಾಯಾಳು ಸೈನಿಕರ ಆಸ್ಪತ್ರೆಗಳಿಗೆ ಹಣ ಕೂಡಿಸಲು ಪಂದ್ಯಗಳು ಏರ್ಪಟ್ಟವು.

ಈಶಾನ್ಯ ಇಂಗ್ಲೆಂಡಿನ ಕಾರ್ಖಾನೆ ತಂಡಗಳಿಗಾಗಿ 1917-18ರಲ್ಲಿ ಒಂದು ನಾಕ್‌ಔಟ್ ಕಪ್ ಏರ್ಪಟ್ಟಿತು. ಅದನ್ನು 'ಮ್ಯುನಿಷನೆಟ್ಸ್ ಕಪ್' ಎಂದು ಚರಿತ್ರೆ ನೆನೆಯುತ್ತದೆ. 1918ರ ಮಾರ್ಚ್ 30ರಂದು ನ್ಯೂಕಾಸಲ್‌ನ ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ನಡೆದ ಅಂತಿಮ ಪಂದ್ಯ ಗೋಲಿಲ್ಲದೆ ಮುಗಿಯಿತು. ಮೇ 18ರಂದು ಮಿಡಲ್ಸ್‌ಬರೋದಲ್ಲಿ ಮರುಪಂದ್ಯ ನಡೆದು, ಬ್ಲೈತ್ ಸ್ಪಾರ್ಟನ್ಸ್ ಹೆಣ್ಣುಮಕ್ಕಳು ಬೋಲ್ಕೋ ವಾನ್ ತಂಡವನ್ನು 5-0ರಿಂದ ಸೋಲಿಸಿದರು. ಬೆಲ್ಲಾ ರೇ ಎಂಬ ತರುಣಿ ಅಂದು ಮೂರು ಗೋಲು ಹೊಡೆದಳು. ಮರುವರ್ಷವೂ ಕಪ್ ನಡೆಯಿತು. ಆದರೆ ಯುದ್ಧ ಮುಗಿದಿತ್ತು. ಕಾರ್ಖಾನೆಗಳು ಬಾಗಿಲು ಹಾಕಿದವು, ಹೆಣ್ಣುಮಕ್ಕಳನ್ನು ಮನೆಗೆ ಕಳುಹಿಸಲಾಯಿತು. ತಂಡಗಳಿಗೆ ಆಸರೆಯಾಗಿದ್ದ ಕಾರ್ಖಾನೆಯೇ ಇಲ್ಲವಾದ ಮೇಲೆ ಕಪ್ ತಾನೇ ತಾನಾಗಿ ನಿಂತಿತು.

ಆದರೂ ಆಟ ನಿಲ್ಲಲಿಲ್ಲ. ಪ್ರೆಸ್ಟನ್ ಪಟ್ಟಣದ ಡಿಕ್, ಕೆರ್ ಕಾರ್ಖಾನೆಯ ತಂಡ ದೇಶದಲ್ಲೆಲ್ಲ ಹೆಸರಾಯಿತು. 1917ರ ಕ್ರಿಸ್ಮಸ್ ದಿನ ಆ ತಂಡ ಆಡಿದ ಮೊದಲ ದೊಡ್ಡ ಪಂದ್ಯಕ್ಕೆ ಹತ್ತು ಸಾವಿರ ಜನ ಬಂದಿದ್ದರು. ಮೂರು ವರ್ಷಗಳ ನಂತರ, 1920ರ ಡಿಸೆಂಬರ್ 26ರಂದು, ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಅವರು ಸೇಂಟ್ ಹೆಲೆನ್ಸ್ ತಂಡದೊಡನೆ ಆಡಿದಾಗ ಸುಮಾರು 53,000 ಪ್ರೇಕ್ಷಕರು ಸೇರಿದ್ದರು. ಜಾಗವಿಲ್ಲದೆ ಸಾವಿರಾರು ಜನ ಹೊರಗೇ ಉಳಿದರು.

ಐವತ್ತು ವರ್ಷಗಳ ಬೀಗ

ಆ ಜನಸಾಗರವೇ ಅವರಿಗೆ ಮುಳುವಾಯಿತೆಂದು ಹೇಳುವವರಿದ್ದಾರೆ. 1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು ಒಂದು ನಿರ್ಣಯ ಕೈಗೊಂಡಿತು. ಫುಟ್‌ಬಾಲ್ ಹೆಣ್ಣುಮಕ್ಕಳಿಗೆ ತಕ್ಕ ಆಟವಲ್ಲ, ಅದನ್ನು ಪ್ರೋತ್ಸಾಹಿಸಬಾರದು. ಪಂದ್ಯದಿಂದ ಕೂಡಿದ ಹಣದಲ್ಲಿ ದಾನಕ್ಕೆ ಹೋಗುವ ಪಾಲು ಕಡಿಮೆ, ಖರ್ಚಿನ ಪಾಲು ಹೆಚ್ಚು. ಆದ್ದರಿಂದ ಸಂಸ್ಥೆಗೆ ಸೇರಿದ ಕ್ಲಬ್ಬುಗಳು ತಮ್ಮ ಮೈದಾನಗಳನ್ನು ಅವರಿಗೆ ಕೊಡಬಾರದು ಎಂಬುದು ಅದರ ಸಾರ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹೆಣ್ಣುಮಕ್ಕಳು ಚೆಂಡು ಒದೆಯಬಾರದೆಂದು ಯಾರೂ ಕಾನೂನು ಮಾಡಲಿಲ್ಲ. ಮೈದಾನವನ್ನು ಮಾತ್ರ ಕಿತ್ತುಕೊಂಡರು. ಮೈದಾನ ಹೋದೊಡನೆ ಪ್ರೇಕ್ಷಕರು ಹೋದರು, ತರಬೇತುದಾರರು ಹೋದರು, ತೀರ್ಪುಗಾರರು ಹೋದರು, ಪತ್ರಿಕೆಗಳ ವರದಿ ಹೋಯಿತು.

ಹೆಣ್ಣುಮಕ್ಕಳು ಸುಮ್ಮನೆ ಕೂರಲಿಲ್ಲ. ಅದೇ ಡಿಸೆಂಬರಿನಲ್ಲಿ ಬ್ಲ್ಯಾಕ್‌ಬರ್ನ್ ಪಟ್ಟಣದಲ್ಲಿ ಸಭೆ ಸೇರಿ ತಮ್ಮದೇ ಸಂಸ್ಥೆಯನ್ನು ಕಟ್ಟಿಕೊಂಡರು. 1922ರಲ್ಲಿ ತಮ್ಮದೇ ನಾಕ್‌ಔಟ್ ಕಪ್ ನಡೆಸಿದರು. ಇಪ್ಪತ್ತನಾಲ್ಕು ತಂಡಗಳು ಸೇರಿದವು. ಜೂನ್ 24ರಂದು ನಡೆದ ಅಂತಿಮ ಪಂದ್ಯದಲ್ಲಿ ಸ್ಟೋಕ್ ತಂಡ ಡಾನ್‌ಕಾಸ್ಟರ್ ಅಂಡ್ ಬೆಂಟ್ಲಿ ತಂಡವನ್ನು 3-1ರಿಂದ ಗೆದ್ದು ಬೆಳ್ಳಿಯ ಪಾರಿತೋಷಕ ಪಡೆಯಿತು. ಆ ಪಾರಿತೋಷಕವನ್ನು ಮರುವರ್ಷ ಯಾರೂ ಗೆಲ್ಲಲಿಲ್ಲ. ಏಕೆಂದರೆ ಮರುವರ್ಷ ಕಪ್ಪೇ ನಡೆಯಲಿಲ್ಲ. ಇಪ್ಪತ್ತನಾಲ್ಕು ತಂಡಗಳನ್ನು ಕೂಡಿಸಿ ಒಂದು ಕಪ್ ನಡೆಸುವಷ್ಟು ಉತ್ಸಾಹ ಅವರಲ್ಲಿತ್ತು. ವರ್ಷದಿಂದ ವರ್ಷಕ್ಕೆ ಆಡಲು ಮೈದಾನ ಮಾತ್ರ ಇರಲಿಲ್ಲ.

ಡಿಕ್, ಕೆರ್ ತಂಡ ಬೇರೆ ಹೆಸರಿನಲ್ಲಿ 1965ರವರೆಗೂ ಉದ್ಯಾನಗಳಲ್ಲಿ, ಹೊಲಗದ್ದೆಗಳ ಬದಿಯಲ್ಲಿ, ವಿದೇಶಗಳಲ್ಲಿ ಆಡುತ್ತಲೇ ಇತ್ತು. ಆದರೆ ಅದು ಕಪ್ ಆಗಿರಲಿಲ್ಲ, ಲೀಗ್ ಆಗಿರಲಿಲ್ಲ. ಹದಿಹರೆಯದ ಹುಡುಗಿಯೊಬ್ಬಳು ನಿರ್ದಿಷ್ಟ ದಿನಾಂಕಕ್ಕಾಗಿ ಕಾಯುವಂಥದ್ದು ಅಲ್ಲೇನೂ ಇರಲಿಲ್ಲ.

ಎಪ್ಪತ್ತೊಂದು ತಂಡಗಳ ಬೇಸಗೆ

1966ರಲ್ಲಿ ಇಂಗ್ಲೆಂಡ್ ಪುರುಷರ ವಿಶ್ವಕಪ್ ಗೆದ್ದಿತು; ಆ ಉತ್ಸಾಹ ಹೆಣ್ಣುಮಕ್ಕಳನ್ನೂ ಮೈದಾನಕ್ಕೆ ಎಳೆಯಿತು. 1969ರಲ್ಲಿ ಮಹಿಳಾ ಫುಟ್‌ಬಾಲ್ ಸಂಸ್ಥೆಯೊಂದು ಸ್ವಯಂಸೇವಕರಿಂದಲೇ ರೂಪುಗೊಂಡಿತು. ಐವತ್ತು ವರ್ಷಗಳ ಹಳೆಯ ನಿಷೇಧ ಸಡಿಲವಾಗಿ 1971ರ ಹೊತ್ತಿಗೆ ಕೊನೆಗೊಂಡಿತು. 1970-71ರಲ್ಲಿ ಆ ಸ್ವಯಂಸೇವಕರು ಆರಂಭಿಸಿದ ನಾಕ್‌ಔಟ್ ಕಪ್ಪೇ ಇಂದಿನ ಮಹಿಳಾ ಎಫ್‌.ಎ. ಕಪ್ಪಿನ ಬೀಜ. ಮೊದಲ ವರ್ಷವೇ ಎಪ್ಪತ್ತೊಂದು ತಂಡಗಳು ಹೆಸರು ಕೊಟ್ಟವು. ಸ್ಕಾಟ್ಲೆಂಡಿನಿಂದಲೂ ತಂಡ ಬಂದಿತು. 1971ರ ಮೇ 9ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ಸೌತಾಂಪ್ಟನ್ ತಂಡ ಸ್ಕಾಟ್ಲೆಂಡಿನ ಸ್ಟುವರ್ಟನ್ ಥಿಸಲ್ ತಂಡವನ್ನು 4-1ರಿಂದ ಸೋಲಿಸಿತು. ಪ್ಯಾಟ್ ಡೇವಿಸ್ ಮೂರು ಗೋಲು ಗಳಿಸಿದಳು.

ಪುರುಷರ ಎಫ್‌.ಎ. ಕಪ್ಪಿಗೆ ಮೊದಲ ವರ್ಷ ಹದಿನೈದು ತಂಡಗಳಾದರೆ, ಮಹಿಳೆಯರ ಕಪ್ಪಿಗೆ ಎಪ್ಪತ್ತೊಂದು! ಆಡಬೇಕೆಂಬ ಆಸೆ ಅಷ್ಟು ಕಾಲ ಬೀಗ ಹಾಕಿದ ಕೋಣೆಯಲ್ಲಿ ಕಾದು ಕುಳಿತಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ನಮಗೆ ಹೆಚ್ಚು ಮುಖ್ಯವೆನಿಸುವುದು ಮುಂದಿನ ಸಂಗತಿ. 1972ರಲ್ಲೂ ಕಪ್ ನಡೆಯಿತು. 1973ರಲ್ಲೂ ನಡೆಯಿತು. ಟಿಕೆಟ್ ಕೊಳ್ಳುವವರಿಲ್ಲದ, ಪತ್ರಿಕೆಗಳು ಎರಡು ಸಾಲೂ ಬರೆಯದ ವರ್ಷಗಳಲ್ಲೂ ನಡೆಯಿತು. ಡಾನ್‌ಕಾಸ್ಟರಿನ ಪುರುಷರ ಕ್ಲಬ್ಬಿನ ಮೈದಾನದಲ್ಲಿ ಅದೃಷ್ಟ ಚೀಟಿ ಮಾರುತ್ತಿದ್ದ ಹೆಣ್ಣುಮಕ್ಕಳು 1969ರಲ್ಲಿ ಕಟ್ಟಿದ 'ಬೆಲ್ಸ್' ತಂಡ ಈ ಕಪ್ಪನ್ನು ಆರು ಬಾರಿ ಗೆದ್ದಿತು. 1993ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯೇ ಕಪ್ಪಿನ ಆಡಳಿತ ವಹಿಸಿಕೊಂಡಿತು. 2008ರಲ್ಲಿ 1921ರ ನಿಷೇಧಕ್ಕಾಗಿ ಕ್ಷಮೆ ಕೋರಿತು. ಮಹಿಳೆಯರ ಅಂತಿಮ ಪಂದ್ಯ ಮೊದಲ ಬಾರಿಗೆ ವೆಂಬ್ಲಿಯಲ್ಲಿ ನಡೆದದ್ದು 2015ರಲ್ಲಿ. ಅಂದು ಬಂದವರು 30,710 ಜನ. ಎಂಟು ವರ್ಷಗಳಲ್ಲಿ ಅದು 77,390 ಆಯಿತು. ಆ ಸಂಖ್ಯೆಯ ಹಿಂದೆ ಯಾರೂ ನೋಡದ ನಲವತ್ತು ವರ್ಷಗಳ ಪಂದ್ಯಗಳಿವೆ.

ಭಾರತದಲ್ಲಿ: ಲಖನೌದಿಂದ ಬೆಂಗಳೂರಿನವರೆಗೆ

ಇಂಗ್ಲೆಂಡಿನ ಮೊದಲ ಅಂತಿಮ ಪಂದ್ಯ ನಡೆದ ನಾಲ್ಕೇ ವರ್ಷಗಳಲ್ಲಿ ಭಾರತದಲ್ಲೂ ಮಹಿಳಾ ಫುಟ್‌ಬಾಲಿಗೆ ಪ್ರತ್ಯೇಕ ಒಕ್ಕೂಟ ಹುಟ್ಟಿತು. 1975ರಲ್ಲಿ ಲಖನೌದಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ಮುಖ್ಯ ಫುಟ್‌ಬಾಲ್ ಸಂಸ್ಥೆಯ ಆಸರೆ ಇಲ್ಲದೆ ಆ ಒಕ್ಕೂಟ ನಡೆದರೂ ಅದರ ಆಟಗಾರ್ತಿಯರು ಮಾಡಿದ ಸಾಧನೆ ಸಣ್ಣದಲ್ಲ. 1980ರ ಜನವರಿಯಲ್ಲಿ, ನಮ್ಮ ಮಂಗಳೂರಿನಿಂದ ಕರಾವಳಿಯ ರೈಲು ಹಿಡಿದರೆ ತಲುಪುವ ಕಲ್ಲಿಕೋಟೆಯಲ್ಲಿ, ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್ ನಡೆದಾಗ ಭಾರತ ಅಂತಿಮ ಪಂದ್ಯ ತಲುಪಿ ಎರಡನೆಯ ಸ್ಥಾನ ಗಳಿಸಿತು. 1983ರಲ್ಲಿ ಥಾಯ್ಲೆಂಡಿನಲ್ಲಿ ಮತ್ತೊಮ್ಮೆ ಎರಡನೆಯ ಸ್ಥಾನ. ಅದೇ ವರ್ಷ ಶಾಂತಿ ಮಲ್ಲಿಕ್ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಫುಟ್‌ಬಾಲ್ ಆಟಗಾರ್ತಿಯಾದರು.

ಏಷ್ಯಾದಲ್ಲಿ ಎರಡನೆಯ ಸ್ಥಾನದಲ್ಲಿದ್ದ ದೇಶ ಕಾಲು ಶತಮಾನದ ನಂತರ ಎಲ್ಲಿ ನಿಂತಿತು? 2009ರಲ್ಲಿ ಫಿಫಾ ತನ್ನ ಶ್ರೇಯಾಂಕ ಪಟ್ಟಿಯಿಂದ ಭಾರತದ ಮಹಿಳಾ ತಂಡದ ಹೆಸರನ್ನೇ ತೆಗೆದುಹಾಕಿತು. ಸೋತದ್ದಕ್ಕಲ್ಲ; ಪಂದ್ಯಗಳನ್ನೇ ಆಡದಿದ್ದುದಕ್ಕೆ. ಪ್ರತಿಭೆ ಇತ್ತು, ಆಸೆ ಇತ್ತು, ಕ್ಯಾಲೆಂಡರಿನಲ್ಲಿ ದಿನಾಂಕ ಮಾತ್ರ ಇರಲಿಲ್ಲ. ಸ್ಟೋಕಿನ ಬೆಳ್ಳಿಯ ಪಾರಿತೋಷಕದ ಕಥೆಯೇ ಇಲ್ಲಿ ದೊಡ್ಡ ಪ್ರಮಾಣದಲ್ಲಿ ಮರುಕಳಿಸಿತು.

ಚೇತರಿಕೆಯೂ ದಿನಾಂಕಗಳಿಂದಲೇ ಆಯಿತು. 2010ರಲ್ಲಿ ದಕ್ಷಿಣ ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್ ಆರಂಭವಾಗಿ ಭಾರತ ಅದನ್ನು ಗೆದ್ದಿತು. 2016-17ರಲ್ಲಿ ಭಾರತೀಯ ಮಹಿಳಾ ಲೀಗ್ ಆರಂಭವಾಯಿತು. ಹೆಸರು ಲೀಗ್ ಆದರೂ ಮೊದಲ ವರ್ಷಗಳಲ್ಲಿ ಅದು ಕೆಲವೇ ವಾರಗಳಲ್ಲಿ ಗುಂಪು ಪಂದ್ಯ ಮುಗಿಸಿ, ಬಳಿಕ ನಾಕ್‌ಔಟ್ ನಡೆಸುವ ಕಪ್ಪಿನಂತಿತ್ತು. 2023-24ರಿಂದ ಅದು ತವರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಆಡುವ ನಿಜವಾದ ಲೀಗ್ ಆಯಿತು. ಒಂದು ಸೋಲಿನಿಂದ ವರ್ಷ ಮುಗಿಯದಂತಾಯಿತು. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ರೂಪುಗೊಂಡ ಹಿನ್ನೆಲೆ ಇದು. 2025ರ ಜುಲೈ 5ರಂದು ಭಾರತದ ಹೆಣ್ಣುಮಕ್ಕಳು ಥಾಯ್ಲೆಂಡನ್ನು ಅವರದೇ ನೆಲದಲ್ಲಿ 2-1ರಿಂದ ಸೋಲಿಸಿ ಏಷ್ಯಾ ಕಪ್ಪಿಗೆ ಅರ್ಹತೆ ಗಳಿಸಿದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. 1983ರಲ್ಲಿ ಪ್ರಶಸ್ತಿ ಕೈತಪ್ಪಿದ್ದು ಇದೇ ಥಾಯ್ಲೆಂಡಿನ ಎದುರಿನಲ್ಲಿ ಎಂಬುದನ್ನು ನೆನೆದಾಗ ಈ ಗೆಲುವಿನ ತೂಕ ತಿಳಿಯುತ್ತದೆ.

ಕೊಲ್ಲಿಯಲ್ಲಿ, ಕುವೈತಿನಲ್ಲಿ

ಈಗ ನಾವಿರುವ ನೆಲಕ್ಕೆ ಬರೋಣ. ಪುರುಷರ ಫುಟ್‌ಬಾಲಿನಲ್ಲಿ ಕುವೈತಿನ ಕೀರ್ತಿ ದೊಡ್ಡದು. 1980ರಲ್ಲಿ ತನ್ನದೇ ನೆಲದಲ್ಲಿ ದಕ್ಷಿಣ ಕೊರಿಯಾವನ್ನು 3-0ರಿಂದ ಸೋಲಿಸಿ ಏಷ್ಯಾ ಕಪ್ ಗೆದ್ದಿತು. 1982ರಲ್ಲಿ ಸ್ಪೇನಿನ ವಿಶ್ವಕಪ್ಪಿನಲ್ಲಿ ಆಡಿತು. ಆ ಕಾಲದಲ್ಲಿ ಇಲ್ಲಿಗೆ ಬಂದ ನಮ್ಮ ಹಿರಿಯರಿಗೆ ಫೈಸಲ್ ಅಲ್ ದಖೀಲ್ ಅವರ ಹೆಸರು ಇಂದಿಗೂ ನೆನಪಿದೆ.

ಹೆಣ್ಣುಮಕ್ಕಳ ಕ್ರೀಡೆ ಸಾರ್ವಜನಿಕ ನೋಟಕ್ಕೆ ಬಂದದ್ದು ತಡವಾಗಿ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಓಟಗಾರ್ತಿ ದಾನಾ ಅಲ್ ನಸ್ರಲ್ಲಾ ಕುವೈತಿನ ಮೊದಲ ಮಹಿಳಾ ಒಲಿಂಪಿಕ್ ಸ್ಪರ್ಧಿಯಾದರು. 2005ರ ಮೇ 16ರಂದು ಕುವೈತಿನ ಸಂಸತ್ತು ಮಹಿಳೆಯರಿಗೆ ಮತದಾನದ ಹಕ್ಕು ನೀಡಿತು. ನಾಲ್ಕು ವರ್ಷಗಳ ನಂತರ, 2009ರ ಮೇ 16ರ ಚುನಾವಣೆಯಲ್ಲಿ, ನಾಲ್ವರು ಮಹಿಳೆಯರು ಮೊದಲ ಬಾರಿಗೆ ಸಂಸತ್ತಿಗೆ ಆಯ್ಕೆಯಾದರು.

ಅದಾಗಿ ಒಂಬತ್ತು ತಿಂಗಳಲ್ಲಿ, 2010ರ ಫೆಬ್ರುವರಿಯಲ್ಲಿ, ಅಬುಧಾಬಿಯಲ್ಲಿ ನಡೆದ ಪಶ್ಚಿಮ ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್‌ನಲ್ಲಿ ಕುವೈತಿನ ಮಹಿಳಾ ತಂಡ ಕಣಕ್ಕಿಳಿಯಿತು. ಆ ಪಂದ್ಯಾವಳಿಯೂ 2005ರಲ್ಲಿ ಜೋರ್ಡಾನಿನ ಅಮ್ಮಾನಿನಲ್ಲಿ ಆರಂಭವಾದ ಹೊಸ ಕೂಸು. ಪ್ಯಾಲೆಸ್ಟೈನಿನ ಎದುರು ಕುವೈತಿನ ಹೆಣ್ಣುಮಕ್ಕಳು ಹತ್ತಕ್ಕೂ ಹೆಚ್ಚು ಗೋಲುಗಳ ಅಂತರದಿಂದ ಸೋತರು. ತವರಿನಲ್ಲಿ ಕೆಲವು ಸಂಸತ್ ಸದಸ್ಯರು ಹೆಣ್ಣುಮಕ್ಕಳ ಫುಟ್‌ಬಾಲನ್ನೇ ಆಕ್ಷೇಪಿಸಿದರು. ಆ ಅಂಕಿಯನ್ನು ನೋಡಿ ನಗುವುದು ಸುಲಭ. ಆದರೆ ಆಡಿ ಬೆಳೆಯಲು ತವರಿನಲ್ಲಿ ಪಂದ್ಯಗಳೇ ಇಲ್ಲದ ತಂಡ ನೇರವಾಗಿ ಅಂತರರಾಷ್ಟ್ರೀಯ ಕಣಕ್ಕೆ ಇಳಿದರೆ ಫಲಿತಾಂಶ ಬೇರೆ ಹೇಗಿರಲು ಸಾಧ್ಯ? ಮೊದಲ ಹೆಜ್ಜೆಯಲ್ಲಿ ಬಿದ್ದ ಮಗುವಿಗೆ ನಡಿಗೆ ಬಾರದೆಂದು ಯಾವ ತಾಯಿಯೂ ಹೇಳುವುದಿಲ್ಲ.

ಇನ್ನೊಂದು ಅಡ್ಡಿ ಕುವೈತಿನದಾಗಿರಲಿಲ್ಲ. 2007ರ ಫೆಬ್ರುವರಿಯಲ್ಲಿ ಕೆನಡಾದಲ್ಲಿ ತಲೆವಸ್ತ್ರ ಧರಿಸಿದ್ದ ಹನ್ನೊಂದು ವರ್ಷದ ಬಾಲಕಿಯೊಬ್ಬಳನ್ನು ತೀರ್ಪುಗಾರರು ಮೈದಾನದಿಂದ ಹೊರಕಳುಹಿಸಿದರು. ಆಟದ ನಿಯಮ ರೂಪಿಸುವ ಅಂತರರಾಷ್ಟ್ರೀಯ ಮಂಡಳಿ ಅದನ್ನು ಎತ್ತಿಹಿಡಿಯಿತು. 2011ರ ಜೂನಿನಲ್ಲಿ ಇದೇ ಕಾರಣಕ್ಕೆ ಇರಾನಿನ ಮಹಿಳಾ ತಂಡಕ್ಕೆ ಅಮ್ಮಾನಿನಲ್ಲಿ ಒಲಿಂಪಿಕ್ ಅರ್ಹತಾ ಪಂದ್ಯವಾಡಲು ಬಿಡಲಿಲ್ಲ. ಜೋರ್ಡಾನಿನ ರಾಜಕುಮಾರ ಅಲಿ ಬಿನ್ ಅಲ್ ಹುಸೇನ್ ಈ ನಿಯಮದ ವಿರುದ್ಧ ಸತತವಾಗಿ ವಾದಿಸಿದರು. 2012ರಲ್ಲಿ ಪ್ರಯೋಗಕ್ಕಾಗಿ, 2014ರ ಮಾರ್ಚ್ 1ರಂದು ಶಾಶ್ವತವಾಗಿ ತಲೆವಸ್ತ್ರಕ್ಕೆ ಒಪ್ಪಿಗೆ ದೊರೆಯಿತು. ಹೆಣ್ಣುಮಕ್ಕಳು ಏನು ಧರಿಸಬಾರದೆಂದು ಒಂದು ಕಡೆ, ಆಡಲೇಬಾರದೆಂದು ಇನ್ನೊಂದು ಕಡೆ. ನಡುವೆ ಏಳು ವರ್ಷ ಕಳೆದವು. ಹದಿನೈದರ ಹುಡುಗಿ ಇಪ್ಪತ್ತೆರಡಾಗುವಷ್ಟು ಕಾಲ.

ಬಾಗಿಲು ತೆರೆದ ಮರುವರ್ಷವೇ ಮತ್ತೊಂದು ಪೆಟ್ಟು. ಸರ್ಕಾರದ ಹಸ್ತಕ್ಷೇಪದ ಕಾರಣ ನೀಡಿ ಫಿಫಾ 2015ರ ಅಕ್ಟೋಬರಿನಲ್ಲಿ ಕುವೈತಿನ ಫುಟ್‌ಬಾಲ್ ಸಂಸ್ಥೆಯನ್ನು ಅಮಾನತು ಮಾಡಿತು. 2017ರ ಡಿಸೆಂಬರಿನವರೆಗೆ ಪುರುಷರಾಗಲಿ ಮಹಿಳೆಯರಾಗಲಿ ಹೊರದೇಶಗಳೊಡನೆ ಅಧಿಕೃತವಾಗಿ ಆಡಲಾಗಲಿಲ್ಲ. ಬಲವಾದ ಬೇರಿರುವ ಪುರುಷರ ಆಟ ಅದನ್ನು ತಾಳಿಕೊಂಡಿತು. ಎಳೆಯ ಸಸಿಗೆ ಎರಡು ವರ್ಷದ ಬರ ಬೇರೆಯೇ ಲೆಕ್ಕ.

ನೆರೆಯ ಸೌದಿಯಲ್ಲಿ ಆದ ಬದಲಾವಣೆ ಇಡೀ ಕೊಲ್ಲಿಗೆ ಕನ್ನಡಿ. 2018ರ ಜನವರಿ 12ರಂದು ಅಲ್ಲಿನ ಮಹಿಳೆಯರು ಮೊದಲ ಬಾರಿಗೆ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಕುಳಿತು ಪಂದ್ಯ ನೋಡಿದರು. 2022ರ ಫೆಬ್ರುವರಿಯಲ್ಲಿ ಅವರ ರಾಷ್ಟ್ರೀಯ ತಂಡ ಮಾಲ್ಡೀವ್ಸಿನಲ್ಲಿ ತನ್ನ ಮೊದಲ ಪಂದ್ಯವಾಡಿ ಸೀಶೆಲ್ಸನ್ನು 2-0ರಿಂದ ಸೋಲಿಸಿತು. 2022-23ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಆರಂಭವಾಯಿತು. ಅದರ ಮರುವರ್ಷ ನಾಕ್‌ಔಟ್ ಕಪ್. ಈ ಕ್ರಮವನ್ನು ಗಮನಿಸಬೇಕು: ಮೊದಲು ಗ್ಯಾಲರಿ, ಬಳಿಕ ತಂಡ, ಬಳಿಕ ಲೀಗ್, ಕೊನೆಗೆ ಕಪ್. ಸೋತವರಿಗೆ ಮರಳಲು ಜಾಗವಾದ ಮೇಲೆ ಕಪ್ಪು ಬಂದಿತು.

ಕೊಡಗಿನಿಂದ ಕಲಿಯಬಹುದಾದದ್ದು

ಎರಡನೆಯ ವರ್ಷವನ್ನು ಖಚಿತಗೊಳಿಸುವ ಉಪಾಯವನ್ನು ನಮ್ಮವರೇ ಕಂಡುಕೊಂಡಿದ್ದಾರೆ. ಅದು ಫುಟ್‌ಬಾಲಿನಲ್ಲಲ್ಲ, ಹಾಕಿಯಲ್ಲಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡಗಿನ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದರು. ಆಗ ಅರವತ್ತು ಕುಟುಂಬಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಪಂದ್ಯಾವಳಿಯಲ್ಲಿ 360 ಕುಟುಂಬಗಳು ಭಾಗವಹಿಸಿ ಗಿನ್ನೆಸ್ ದಾಖಲೆಯಾಯಿತು. ಇಲ್ಲಿ ಮನೆತನವೇ ತಂಡ. ಒಂದೇ ತಂಡದಲ್ಲಿ ಅಜ್ಜ, ಮೊಮ್ಮಗ, ಸೊಸೆ, ಮಗಳು ಕೋಲು ಹಿಡಿದು ನಿಲ್ಲುವುದುಂಟು.

ಈ ಪಂದ್ಯಾವಳಿಯ ಗುಟ್ಟು ಆತಿಥ್ಯದ ಸರದಿಯಲ್ಲಿದೆ. ಪ್ರತಿ ವರ್ಷ ಬೇರೊಂದು ಕುಟುಂಬ ಹೊಣೆ ಹೊರುತ್ತದೆ, ಕಪ್ಪಿಗೆ ಆ ಕುಟುಂಬದ ಹೆಸರೇ ಬರುತ್ತದೆ. ಒಬ್ಬ ಉತ್ಸಾಹಿಯ ದಣಿವಿನೊಡನೆ ಪಂದ್ಯಾವಳಿ ದಣಿಯುವುದಿಲ್ಲ. ಕಾರ್ಖಾನೆ ಮುಚ್ಚಿದೊಡನೆ ನಿಂತ ಇಂಗ್ಲೆಂಡಿನ ಕಪ್ಪಿಗೂ, ಅರವತ್ತರಿಂದ ಮುನ್ನೂರರವತ್ತಕ್ಕೆ ಬೆಳೆದ ಕೊಡಗಿನ ಕಪ್ಪಿಗೂ ಇರುವ ವ್ಯತ್ಯಾಸ ಇದೇ.

ನಮ್ಮ ಅಂಗಳದಲ್ಲಿ

ಸದಸ್ಯ ಕುಟುಂಬಗಳೇ, ಈ ಚರಿತ್ರೆಯನ್ನು ನಾವು ಕೇವಲ ಕುತೂಹಲಕ್ಕಾಗಿ ಬರೆಯುತ್ತಿಲ್ಲ. ಅಬ್ಬಾಸಿಯಾ, ಸಾಲ್ಮಿಯಾ, ಮಂಗಾಫ್, ಫಹಾಹೀಲ್‌ಗಳ ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವ ಹೆಣ್ಣುಮಕ್ಕಳನ್ನು ನೆನೆದು ಬರೆಯುತ್ತಿದ್ದೇವೆ. ಎಂಟು ವರ್ಷದವರೆಗೆ ಅಣ್ಣತಮ್ಮಂದಿರೊಡನೆ ಚೆಂಡು ಒದೆಯುವ ಹುಡುಗಿ ಹದಿಮೂರಕ್ಕೆ ಬರುವಷ್ಟರಲ್ಲಿ ಪ್ರೇಕ್ಷಕಳಾಗುತ್ತಾಳೆ. ಆಡಬೇಡವೆಂದು ನಾವಾರೂ ಹೇಳುವುದಿಲ್ಲ. 1921ರ ಇಂಗ್ಲೆಂಡಿನಲ್ಲಿಯೂ ಯಾರೂ ಹಾಗೆ ನೇರವಾಗಿ ತಡೆಯಲಿಲ್ಲ. ಶುಕ್ರವಾರದ ಮೈದಾನದ ಗಂಟೆಗಳನ್ನು ನಾವು ಪುರುಷರ ಕ್ರಿಕೆಟಿಗೂ ಗಂಡುಮಕ್ಕಳ ಫುಟ್‌ಬಾಲಿಗೂ ಕೊಟ್ಟು, ಉಳಿದದ್ದರಲ್ಲಿ ಹೆಣ್ಣುಮಕ್ಕಳಿಗೆ ಒಂದು ಓಟದ ಸ್ಪರ್ಧೆ ಇಡುತ್ತೇವೆ, ಅಷ್ಟೇ. ಇಲ್ಲಿನ ಬೇಸಗೆಯೂ ಕಠಿಣ. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ತಾಪಮಾನ ದಾಖಲಾದ ದೇಶ ಇದು. ಹೊರಾಂಗಣದಲ್ಲಿ ಆಡಬಹುದಾದ ತಿಂಗಳುಗಳು ಕಡಿಮೆ, ಒಳಾಂಗಣದ ಬಾಡಿಗೆ ಹೆಚ್ಚು. ಸಮಯ ಕಡಿಮೆಯಿದ್ದಾಗ ಯಾರ ಪಾಲು ಮೊದಲು ಕತ್ತರಿಗೆ ಸಿಗುತ್ತದೆ ಎಂಬುದೇ ಪ್ರಶ್ನೆ.

ಒಂದು ಸಣ್ಣ ಲೆಕ್ಕವನ್ನು ನಿಮ್ಮ ಮುಂದಿಡುತ್ತೇವೆ. ಏಳೇಳು ಜನರ ಎಂಟು ತಂಡಗಳು ಕೂಡಿದವೆಂದು ಭಾವಿಸೋಣ. ನೇರ ನಾಕ್‌ಔಟ್ ಆದರೆ ಏಳು ಪಂದ್ಯ. ಅರ್ಧದಷ್ಟು ಹುಡುಗಿಯರು ಅರ್ಧ ಗಂಟೆಯಲ್ಲಿ ಮನೆಗೆ. ಮೊದಲ ಸುತ್ತಿನಲ್ಲಿ ಸೋತ ನಾಲ್ಕು ತಂಡಗಳಿಗೆ ತಮ್ಮದೇ ಇನ್ನೊಂದು ಚಿಕ್ಕ ಕಪ್ ಇಟ್ಟರೆ ಮೂರು ಪಂದ್ಯ ಹೆಚ್ಚಾಗಿ ಒಟ್ಟು ಹತ್ತು. ಪ್ರತಿ ತಂಡಕ್ಕೂ ಕನಿಷ್ಠ ಎರಡು ಪಂದ್ಯ. ನಾಲ್ಕು ನಾಲ್ಕರ ಎರಡು ಗುಂಪು ಮಾಡಿ, ಬಳಿಕ ಸೆಮಿಫೈನಲ್, ಫೈನಲ್ ಇಟ್ಟರೆ ಹದಿನೈದು ಪಂದ್ಯ. ಪ್ರತಿ ತಂಡಕ್ಕೂ ಕನಿಷ್ಠ ಮೂರು. ಹತ್ತು ನಿಮಿಷಗಳ ಎರಡು ಅವಧಿಯ ಆಟವಾದರೆ, ಎರಡು ಶುಕ್ರವಾರಗಳ ಸಂಜೆ ಇದಕ್ಕೆ ಸಾಕು. ಹೊಸದಾಗಿ ಆಡುವವರಿಗೆ ಈ ಕೊನೆಯ ಪದ್ಧತಿಯೇ ಉಚಿತವೆಂಬುದು ನಮ್ಮ ಅಭಿಪ್ರಾಯ. ಗುಂಪು ಪಂದ್ಯ ಅವರಿಗೆ ಆಟ ಕಲಿಸುತ್ತದೆ, ನಾಕ್‌ಔಟ್ ಅವರಿಗೆ ಆ ಒಂದು ದಿನದ ರೋಮಾಂಚನ ಕೊಡುತ್ತದೆ.

ತಂಡಗಳನ್ನು ಕೊಡಗಿನಂತೆ ಕಟ್ಟಬಹುದು. ನಮ್ಮಲ್ಲಿ ಮನೆತನಗಳಿಲ್ಲದಿದ್ದರೂ ಬಡಾವಣೆಗಳಿವೆ. ಒಂದೊಂದು ಬಡಾವಣೆಯ ತಾಯಂದಿರೂ ಹೆಣ್ಣುಮಕ್ಕಳೂ ಸೇರಿ ಒಂದೊಂದು ತಂಡ. ಆತಿಥ್ಯದ ಹೊಣೆ ವರ್ಷಕ್ಕೊಂದು ಬಡಾವಣೆಗೆ. ನೌಕರಿ ಬದಲಾಗಿ ಊರಿಗೆ ಮರಳುವವರು, ಹೊಸದಾಗಿ ಬರುವವರು ಇಲ್ಲಿ ಸದಾ ಇದ್ದೇ ಇರುತ್ತಾರೆ. ಸಂಘಟಕರು ಬದಲಾದರೂ ಸರದಿ ತಪ್ಪದು.

ಕಪ್ ಖರೀದಿಸುವುದು ಇದರಲ್ಲಿ ಅತಿ ಸುಲಭದ ಕೆಲಸ. ಅದಕ್ಕಿಂತ ಮೊದಲು ಆಗಬೇಕಾದದ್ದು ಎರಡು ದಿನಾಂಕಗಳನ್ನು ಒಟ್ಟಿಗೇ ಬರೆದಿಡುವುದು: ಈ ಋತುವಿನದು ಒಂದು, ಮುಂದಿನ ಋತುವಿನದು ಇನ್ನೊಂದು. ಮುಂದಿನ ಕಾರ್ಯಕಾರಿ ಸಭೆಗೆ ಬರುವ ಸದಸ್ಯರು ತಮ್ಮ ಮನೆಯಲ್ಲಿ ಆಡಲು ಇಷ್ಟಪಡುವ ಹೆಣ್ಣುಮಕ್ಕಳ, ತಾಯಂದಿರ ಸಂಖ್ಯೆಯನ್ನು ಕೇಳಿಕೊಂಡು ಬರಬೇಕೆಂದು ವಿನಂತಿಸುತ್ತೇವೆ. ಸಂಖ್ಯೆ ಸಣ್ಣದಾದರೂ ಚಿಂತೆಯಿಲ್ಲ; ನಾಲ್ಕು ತಂಡಗಳಿಂದಲೂ ಆರಂಭಿಸಬಹುದು.